ಕಟ್ಟಡವನ್ನು ಗೋಡೆಗೆ ತೂಗುಹಾಕುವುದು ಹೇಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ: ಚಿತ್ರಕಲೆ ಮತ್ತು ವಾಸ್ತುಶಿಲ್ಪದ ಪ್ರದರ್ಶನಗಳು

ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಾಗ, ಮುಂದೆ ಬರುವ ಪ್ರದರ್ಶನಗಳಲ್ಲಿ ಚಿತ್ರಗಳ ಜೊತೆಗೆ ವಾಸ್ತುಶಿಲ್ಪಕ್ಕೂ ಜಾಗ ಸಿಗಬೇಕೆಂದು ಒಂದು ಮಾತು ಸೇರಿಸಿದ್ದೆ. ಆ ಒಂದು ಮಾತಿಗೇ ಹೆಚ್ಚು ಪತ್ರಗಳು ಬಂದಿವೆ. ಒಪ್ಪಿದವರೂ ಇದ್ದಾರೆ, ಖಂಡಿಸಿದವರೂ ಇದ್ದಾರೆ. ಎಲ್ಲಕ್ಕೂ ಉತ್ತರಿಸಲು ಪುಟ ಸಾಲದು; ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಮೂವತ್ತು ಮಕ್ಕಳನ್ನು ಬೆಂಗಳೂರಿನ ಗ್ಯಾಲರಿಗೆ ಕರೆತರುವ ಆಸೆಯಿದೆ. ಮುಂದೆ ಯಾವ ಪ್ರದರ್ಶನ ಬರಲಿದೆ ಎಂದು ಮೊದಲೇ ತಿಳಿಯುವುದು ಹೇಗೆ? ಹಿಂದೊಮ್ಮೆ ಇಷ್ಟು ದೂರ ಬಂದು, ಸೋಮವಾರವಾದ್ದರಿಂದ ಮುಚ್ಚಿದ ಬಾಗಿಲನ್ನು ನೋಡಿಕೊಂಡು ಹಿಂದಿರುಗಿದೆವು.

ಉತ್ತರ: ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ನಾವು ಬಾಯಿಮಾತಿನಲ್ಲಿ ಎನ್‌ಜಿಎಂಎ ಎನ್ನುವ ಸಂಸ್ಥೆ, ಸೋಮವಾರ ತೆರೆದಿರುವುದಿಲ್ಲ, ನಗರದ ಇತರ ಕೆಲವು ವಸ್ತುಸಂಗ್ರಹಾಲಯಗಳಿಗೂ ಸೋಮವಾರವೇ ರಜೆ. ಇಷ್ಟನ್ನು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಉಳಿದ ಅರ್ಧಕ್ಕೆ, ಹೊರಡುವ ಮೂರು ವಾರ ಮೊದಲೇ ಶಾಲೆಯ ಹೆಸರಿನಲ್ಲಿ ಪತ್ರ ಬರೆದು, ಮಕ್ಕಳ ಸಂಖ್ಯೆ ಮತ್ತು ತರಗತಿಯನ್ನು ತಿಳಿಸಿ, ವಿವರಿಸಿ ಹೇಳುವವರೊಬ್ಬರು ಜೊತೆಗೆ ಬರಬಹುದೇ ಎಂದು ಕೇಳಿ. ಬೆಂಗಳೂರಿನ ಗ್ಯಾಲರಿ ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿದೆ. ದೆಹಲಿ ಮತ್ತು ಮುಂಬೈಗಳ ಗ್ಯಾಲರಿಗಳು ಇದರ ಒಡಹುಟ್ಟುಗಳು. ಕೆಲವು ದೊಡ್ಡ ಪ್ರದರ್ಶನಗಳು ಒಂದು ಊರಿನಲ್ಲಿ ಮುಗಿದ ಮೇಲೆ ಇನ್ನೊಂದು ಊರಿಗೆ ಪ್ರಯಾಣ ಮಾಡುತ್ತವೆ. ಆದ್ದರಿಂದ ದೆಹಲಿಯಲ್ಲಿ ಈಗ ಏನು ನಡೆಯುತ್ತಿದೆ ಎಂದು ಗಮನಿಸುವುದು ಬೆಂಗಳೂರಿಗೆ ಏನು ಬರಬಹುದೆಂದು ಊಹಿಸಲು ಒಂದು ದಾರಿ.

ಪ್ರಕಟಣೆ ಕೈಗೆ ಸಿಕ್ಕಾಗ ಕಲಾವಿದರ ಹೆಸರನ್ನಷ್ಟೇ ಓದಿ ಬಿಡಬೇಡಿ. ಕೃತಿಗಳು ಯಾರ ಸಂಗ್ರಹದಿಂದ ಬಂದಿವೆ, ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್ ಯಾರು, ಮಾಧ್ಯಮ ಯಾವುದು, ಕೊನೆಯ ದಿನ ಯಾವುದು, ಈ ನಾಲ್ಕು ವಿವರಗಳನ್ನು ಗುರುತು ಹಾಕಿಕೊಳ್ಳಿ. ಖಾಸಗಿ ಸಂಗ್ರಹದಿಂದ ಎರವಲು ಬಂದ ಕೃತಿ ಮತ್ತೊಮ್ಮೆ ಕಣ್ಣಿಗೆ ಬೀಳಲು ದಶಕಗಳೇ ಬೇಕಾಗಬಹುದು. ಗ್ಯಾಲರಿಯದೇ ಸಂಗ್ರಹವಾದರೆ ಅಷ್ಟು ಆತುರವಿಲ್ಲ.

ದಿನಾಂಕ ಬಹುಮಟ್ಟಿಗೆ ಗೊತ್ತಿರುವ ಕೆಲವು ಸಂದರ್ಭಗಳೂ ಇವೆ. ಜನವರಿಯ ಆರಂಭದ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ಕೊಚ್ಚಿಯ ಬಿಯೆನ್ನಾಲೆ 2012ರ ಡಿಸೆಂಬರ್ 12ರಂದು ಆರಂಭವಾದದ್ದು. ಅದು ಪ್ರತಿ ಬಾರಿ ಚಳಿಗಾಲದಲ್ಲಿ ಹಲವು ತಿಂಗಳು ತೆರೆದಿರುತ್ತದೆ. ಮಕ್ಕಳಿಗೆ ಚಿತ್ರಸಂತೆಯ ಜನಜಂಗುಳಿ ಖುಷಿ ಕೊಡುತ್ತದೆ, ಆದರೆ ಒಂದು ಚಿತ್ರದ ಮುಂದೆ ನಿಲ್ಲುವುದನ್ನು ಕಲಿಸಲು ಗ್ಯಾಲರಿಯ ನಿಶ್ಶಬ್ದವೇ ಬೇಕು.

ನಿಮ್ಮ ಮಕ್ಕಳಿಗೆ ತೋರಿಸಬೇಕಾದ ಮೊದಲ ಕೃತಿ ಗ್ಯಾಲರಿಯ ಕಟ್ಟಡವೇ ಎಂಬುದು ನನ್ನ ಅಭಿಪ್ರಾಯ. ದೆಹಲಿಯ ಗ್ಯಾಲರಿ 1954ರಲ್ಲಿ ತೆರೆದದ್ದು ಜಯಪುರ ಮಹಾರಾಜರ ನಿವಾಸವಾಗಿದ್ದ, ಚಿಟ್ಟೆಯ ರೆಕ್ಕೆಗಳಂತೆ ಎರಡೂ ಬದಿಗೆ ಚಾಚಿಕೊಂಡ ಜಯಪುರ ಹೌಸ್‌ನಲ್ಲಿ. ಮುಂಬೈಯದು 1996ರಲ್ಲಿ ತೆರೆದದ್ದು ಸರ್ ಕಾವಸ್‌ಜಿ ಜಹಾಂಗೀರ್ ಹಾಲ್ ಎಂಬ, ಸಭೆಗಳೂ ಸಂಗೀತ ಕಛೇರಿಗಳೂ ನಡೆಯುತ್ತಿದ್ದ ಸಾರ್ವಜನಿಕ ಭವನದಲ್ಲಿ. ಬೆಂಗಳೂರಿನದು 2009ರ ಫೆಬ್ರುವರಿಯಲ್ಲಿ ತೆರೆದದ್ದು ಗಣಿ ಉದ್ಯಮಿ ಮಾಣಿಕ್ಯವೇಲು ಮೊದಲಿಯಾರ್ ಅವರ ಬಂಗಲೆಯಲ್ಲಿ. ಒಂದು ಅರಸರ ಮನೆ, ಒಂದು ಊರಿನ ಸಭಾಭವನ, ಒಂದು ಸಿರಿವಂತರ ಬಂಗಲೆ. ಮೂರರಲ್ಲಿ ಒಂದನ್ನೂ ಚಿತ್ರ ತೂಗುಹಾಕಲೆಂದು ಕಟ್ಟಿರಲಿಲ್ಲ. ಬೆಂಗಳೂರಿನ ಬಂಗಲೆಯೊಳಗೆ ಮಕ್ಕಳನ್ನು ನಿಲ್ಲಿಸಿ, ಇದು ಯಾವ ಕೋಣೆಯಾಗಿದ್ದಿರಬಹುದು ಎಂದು ಕೇಳಿ ನೋಡಿ. ಆಮೇಲೆ ಹೊಸದಾಗಿ ಸೇರಿಸಿದ ಕಟ್ಟಡಕ್ಕೆ ಕರೆದೊಯ್ದು, ಗೋಡೆಯ ಎತ್ತರ, ಬೆಳಕು ಬರುವ ದಿಕ್ಕು, ನಡೆದಾಗ ಕೇಳುವ ಹೆಜ್ಜೆಸಪ್ಪಳ ಹೇಗೆ ಬದಲಾದವು ಎಂದು ಕೇಳಿ. ಹತ್ತೇ ನಿಮಿಷದ ಈ ಪಾಠ ಮಕ್ಕಳ ಮನಸ್ಸಿನಲ್ಲಿ ಬಹಳ ಕಾಲ ನಿಲ್ಲುತ್ತದೆ.

ಪ್ರಶ್ನೆ: ನಾನು ಗದಗದವನು. ಹಳೆಯ ಕಲ್ಲಿನ ದೇವಾಲಯಗಳಿರುವ ಲಕ್ಕುಂಡಿ, ಡಂಬಳ, ಸೂಡಿಗಳು ನಮ್ಮ ಮನೆಯ ಹಿತ್ತಲೆಂಬಷ್ಟು ಹತ್ತಿರ. ಕಟ್ಟಡವೆಂದರೆ ಬಯಲಿನಲ್ಲಿ ನಿಂತಿರುವ ವಸ್ತು. ಅದರ ಒಳಗೆ ಹೊಕ್ಕು, ಕಲ್ಲನ್ನು ಮುಟ್ಟಿ ನೋಡಬೇಕು. ಅದನ್ನು ಕಾಗದದ ಮೇಲೆ ಬರೆದು ಬೆಂಗಳೂರಿನ ಗೋಡೆಗೆ ತೂಗುಹಾಕುವುದರಿಂದ ಬರುವ ಲಾಭವೇನು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಅದರಲ್ಲಿ ನಿಜವಿದೆ. ಕಲ್ಲನ್ನು ಮುಟ್ಟುವುದಕ್ಕೆ ಬದಲಿ ಎಂಬುದಿಲ್ಲ. ಆದರೆ ನೀವೇ ಹೆಸರಿಸಿದ ಡಂಬಳದಿಂದಲೇ ಉತ್ತರ ಹೇಳುತ್ತೇನೆ.

ಡಂಬಳದ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯ ಹೊರಗೋಡೆಯ ಪಕ್ಕದಲ್ಲಿ ನಿಂತಾಗ ನಮಗೆ ಕಾಣುವುದೇನು? ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಹೊರಚಾಚಿ ಒಳಸರಿಯುವ ಕಲ್ಲಿನ ಅಂಚುಗಳು, ಅವುಗಳ ನಡುವೆ ಗಂಟೆಗೊಮ್ಮೆ ಜರುಗುವ ನೆರಳು. ಒಂದು ಸುತ್ತು ಬಂದರೂ ಕಾಣುವುದು ಮಡಿಕೆಗಳೇ. ಇಡೀ ಗೋಡೆ ಇಪ್ಪತ್ತನಾಲ್ಕು ಮೂಲೆಯ ಒಂದು ನಕ್ಷತ್ರ ಎಂಬುದು ನೆಲದ ಮೇಲೆ ನಿಂತ ಯಾರ ಕಣ್ಣಿಗೂ ಪೂರ್ತಿಯಾಗಿ ಬೀಳುವುದಿಲ್ಲ. ಅದೇ ದೇವಾಲಯದ ತಳನಕ್ಷೆಯನ್ನು ಒಂದು ಹಾಳೆಯ ಮೇಲೆ ನೋಡಿ. ಒಂದು ಚೌಕ ಬರೆದು, ಅದರ ನಡುಬಿಂದುವಿನ ಸುತ್ತ ಹದಿನೈದು ಹದಿನೈದು ಡಿಗ್ರಿಯಂತೆ ತಿರುಗಿಸುತ್ತ ಒಟ್ಟು ಆರು ಚೌಕಗಳನ್ನು ಬರೆದರೆ ಇಪ್ಪತ್ತನಾಲ್ಕು ಮೂಲೆಗಳು ತಾವಾಗಿಯೇ ಹುಟ್ಟುತ್ತವೆ. ಒಂದು ಹಗ್ಗ ಮತ್ತು ಒಂದು ಗೂಟ ಇದ್ದರೆ ಅಂಗಳದಲ್ಲೇ ಇದನ್ನು ಬರೆಯಬಹುದು. ನಿಮ್ಮ ಮನೆಯ ಮಕ್ಕಳಿಂದ ಬರೆಸಿ ನೋಡಿ. ಹನ್ನೆರಡನೆಯ ಶತಮಾನದ ಆ ಸ್ಥಪತಿಯ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದನ್ನು ಕಲ್ಲು ಬಚ್ಚಿಟ್ಟುಕೊಳ್ಳುತ್ತದೆ, ನಕ್ಷೆ ಬಿಚ್ಚಿ ತೋರಿಸುತ್ತದೆ.

ಇದನ್ನು ಆಧುನಿಕರ ಹವ್ಯಾಸವೆಂದು ಭಾವಿಸಬೇಡಿ. ಮಧ್ಯಪ್ರದೇಶದ ಭೋಜಪುರದಲ್ಲಿ ಹನ್ನೊಂದನೆಯ ಶತಮಾನದ, ಪೂರ್ತಿಯಾಗದೆ ಉಳಿದ ಒಂದು ಶಿವಾಲಯವಿದೆ. ಅದರ ಸುತ್ತಲಿನ ಬಂಡೆಗಳ ಮೇಲೆ ಕಂಬಗಳು, ಪಟ್ಟಿಕೆಗಳು, ಶಿಖರದ ಭಾಗಗಳನ್ನು ರೇಖೆಗಳಲ್ಲಿ ಕೊರೆದಿಟ್ಟಿದ್ದಾರೆ. ಕಟ್ಟುವ ಮೊದಲು ಬರೆದುಕೊಂಡ ಆ ರೇಖೆಗಳು ಕಟ್ಟಡ ಅರ್ಧಕ್ಕೆ ನಿಂತದ್ದರಿಂದಲೇ ನಮಗೆ ಉಳಿದವೋ ಏನೋ. ವಾಸ್ತುಶಿಲ್ಪದ ಪ್ರದರ್ಶನ ನಮ್ಮ ಮುಂದಿಡುವುದು ಇಂಥ ರೇಖೆಗಳನ್ನೇ. ಕಟ್ಟಡವನ್ನು ಗ್ಯಾಲರಿಗೆ ತರಲಾಗದು. ಕಟ್ಟುವ ಮೊದಲಿನ ಆಲೋಚನೆಯನ್ನು ತರಬಹುದು. ಡಂಬಳಕ್ಕೆ ಹೋಗುವುದನ್ನು ಬಿಟ್ಟು ಬೆಂಗಳೂರಿಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ನಕ್ಷೆಯನ್ನು ನೋಡಿ ಮತ್ತೆ ಡಂಬಳಕ್ಕೆ ಹೋದರೆ, ಆ ಮಡಿಕೆಗಳನ್ನು ಎಣಿಸದೆ ಇರಲು ನಿಮ್ಮಿಂದ ಆಗುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ದೊಡ್ಡ ಗ್ಯಾಲರಿಗಳು ನಡೆಸುವ ವಾಸ್ತುಶಿಲ್ಪ ಪ್ರದರ್ಶನಗಳಲ್ಲಿ ನಿಜಕ್ಕೂ ಏನಿರುತ್ತದೆ? ಮುಂದೆ ಅಂಥದ್ದೊಂದು ಬಂದರೆ ಏನನ್ನು ಹುಡುಕಿಕೊಂಡು ಹೋಗಬೇಕು?

ಉತ್ತರ: ಸಾಮಾನ್ಯವಾಗಿ ನಕ್ಷೆ, ಮಾದರಿ, ಛಾಯಾಚಿತ್ರ ಇರುತ್ತವೆ. ಅಪರೂಪಕ್ಕೆ ನಿಜಗಾತ್ರದಲ್ಲಿ ಕಟ್ಟಿದ ತುಣುಕೂ ಇರುತ್ತದೆ.

ಈ ಕೊನೆಯ ಬಗೆಯಿಂದಲೇ ಆರಂಭಿಸುತ್ತೇನೆ. 2014ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ ಏಳು ವಾಸ್ತುಶಿಲ್ಪಿ ತಂಡಗಳನ್ನು ಕರೆಸಿ, ತನ್ನ ಹಳೆಯ ಭವ್ಯ ಕೋಣೆಗಳನ್ನು ಅವರ ಕೈಗೆ ಒಪ್ಪಿಸಿತು. ಗೋಡೆಯ ಮೇಲೆ ನಕ್ಷೆ ಹಾಕುವ ಬದಲು ಅವರು ಕೋಣೆಗಳೊಳಗೆ ಕಟ್ಟಿದರು. ಚಿಲಿಯ ಪೆಜೊ ಫಾನ್ ಎಲ್ರಿಚ್‌ಶೌಸೆನ್ ಜೋಡಿ ದಪ್ಪ ಮರದ ಕಂಬಗಳನ್ನು ನಿಲ್ಲಿಸಿ ಅವುಗಳ ಹೊಟ್ಟೆಯೊಳಗೆ ಸುರುಳಿ ಮೆಟ್ಟಿಲು ಇಟ್ಟಿತ್ತು. ಹತ್ತಿ ಮೇಲೆ ಬಂದವರಿಗೆ, ಎಂದೂ ತಲೆಯೆತ್ತಿಯೇ ನೋಡಬೇಕಾಗಿದ್ದ ಚಾವಣಿಯಂಚಿನ ಗಿಲೀಟಿನ ಶಿಲ್ಪಗಳು ಕಣ್ಣಿನ ಮಟ್ಟಕ್ಕೇ ಸಿಕ್ಕವು. ಜಪಾನಿನ ಕೆಂಗೊ ಕುಮಾ ಕತ್ತಲೆಯ ಕೋಣೆಯಲ್ಲಿ ಕಡ್ಡಿಯಷ್ಟು ತೆಳುವಾದ ಬಿದಿರನ್ನು ಬಾಗಿಸಿ ನಿಲ್ಲಿಸಿ, ಮರದ ಪರಿಮಳವನ್ನು ಸೂಸುವಂತೆ ಮಾಡಿದರು. ಬುರ್ಕಿನಾ ಫಾಸೊ ಮೂಲದ ಫ್ರಾನ್ಸಿಸ್ ಕೆರೆ ಪ್ಲಾಸ್ಟಿಕ್ಕಿನ ಜೇನುಗೂಡಿನಂಥ ಹಾಳೆಗಳಿಂದ ಒಂದು ಸುರಂಗ ಕಟ್ಟಿ, ಬಂದವರ ಕೈಗೆ ಬಣ್ಣದ ಸ್ಟ್ರಾಗಳನ್ನು ಕೊಟ್ಟು ಚುಚ್ಚಲು ಹೇಳಿದರು. ದಿನಗಳೆದಂತೆ ಬಿಳಿಯ ಸುರಂಗ ಜನರ ಕೈಯಿಂದಲೇ ಮುಳ್ಳುಹಂದಿಯಂತೆ ಬಣ್ಣ ತೊಟ್ಟಿತು. ಊರಿನವರನ್ನೇ ಕೂಡಿಸಿಕೊಂಡು ಶಾಲೆ ಕಟ್ಟುವ ಅವರ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ಯಾವ ಫಲಕವೂ ವಿವರಿಸಲಾರದು. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು.

ನಮ್ಮ ದೇಶದ ಮಟ್ಟಿಗೆ, 2016ರ ಆರಂಭದಲ್ಲಿ ಮುಂಬೈಯ ಎನ್‌ಜಿಎಂಎಯಲ್ಲಿ ರಾಹುಲ್ ಮೆಹ್ರೋತ್ರಾ, ರಂಜಿತ್ ಹೊಸಕೋಟೆ, ಕೈವಾನ್ ಮೆಹ್ತಾ ಸೇರಿ ರೂಪಿಸಿದ ‘ದಿ ಸ್ಟೇಟ್ ಆಫ್ ಆರ್ಕಿಟೆಕ್ಚರ್’ ಪ್ರದರ್ಶನ ದೊಡ್ಡ ಹೆಜ್ಜೆ. ಸ್ವಾತಂತ್ರ್ಯಾನಂತರ ಭಾರತ ಏನನ್ನು ಕಟ್ಟಿತು, ಏಕೆ ಕಟ್ಟಿತು, ಈಗ ಯಾರಿಗಾಗಿ ಕಟ್ಟುತ್ತಿದೆ ಎಂಬ ಪ್ರಶ್ನೆಗಳನ್ನು ಅದು ಸಾಮಾನ್ಯ ವೀಕ್ಷಕರ ಮುಂದಿಟ್ಟಿತು. ಅದಕ್ಕೂ ಮೊದಲು, 2014ರಲ್ಲಿ, ದೆಹಲಿಯ ಎನ್‌ಜಿಎಂಎಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ಜೀವಮಾನದ ಕೆಲಸದ ಪ್ರದರ್ಶನ ನಡೆದಿತ್ತು. ದೋಶಿಯವರ ಕೆಲವು ನಕ್ಷೆಗಳು ಪಹಾಡಿ ಶೈಲಿಯ ಚಿಕಣಿ ವರ್ಣಚಿತ್ರಗಳಂತೆ ಕಾಣುತ್ತವೆ: ತಳನಕ್ಷೆಯೂ ಮುಂಭಾಗದ ನೋಟವೂ ಒಂದೇ ಹಾಳೆಯಲ್ಲಿ, ನಡುನಡುವೆ ಮರ, ಪ್ರಾಣಿ, ಮನುಷ್ಯರು. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಅವರ ಬೂದುಕಲ್ಲಿನ ಗೋಡೆಗಳ ನಡುವಿನ ಉದ್ದನೆಯ ಓಣಿಗಳಲ್ಲಿ ನಡೆದವರಿಗೆ ಆ ನಕ್ಷೆಗಳು ಏಕೆ ಹಾಗಿವೆ ಎಂಬುದು ಅರ್ಥವಾಗುತ್ತದೆ. ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಆವರಣ ಅದು. ಅಲ್ಲಿ ಕಟ್ಟಡಕ್ಕೂ ತೋಟಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ.

ಇನ್ನು ಏನನ್ನು ಹುಡುಕಬೇಕೆಂಬ ಪ್ರಶ್ನೆ. ನಿಮ್ಮ ಕಾಲೇಜಿನಲ್ಲಿ ಪ್ಲಾನ್, ಎಲಿವೇಷನ್, ಸೆಕ್ಷನ್ ಎಂದು ಕಲಿಸಿರುತ್ತಾರೆ. ಪ್ರದರ್ಶನದಲ್ಲಿ ಸೆಕ್ಷನ್ ಮುಂದೆಯೇ ಹೆಚ್ಚು ಹೊತ್ತು ನಿಲ್ಲಿ. ಹಲಸಿನ ಹಣ್ಣನ್ನು ಸೀಳಿದಂತೆ ಕಟ್ಟಡವನ್ನು ಉದ್ದಕ್ಕೆ ಸೀಳಿ ತೋರಿಸುವ ಆ ಹಾಳೆಯಲ್ಲಿ ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಮಧ್ಯಾಹ್ನದ ಬಿಸಿಲು ಎಲ್ಲಿಯವರೆಗೆ ಇಳಿಯುತ್ತದೆ, ಮೆಟ್ಟಿಲ ಕೆಳಗಿನ ಜಾಗಕ್ಕೆ ಯಾರು ದಿಕ್ಕು ಎಂಬುದೆಲ್ಲ ಕಾಣುತ್ತದೆ. ಆಮೇಲೆ ಅಳಿಸಿದ ಗುರುತುಗಳನ್ನು ಹುಡುಕಿ. ಮೂಲ ನಕ್ಷೆಯಲ್ಲಿ ಬ್ಲೇಡಿನಿಂದ ಕೆರೆದು ತೆಗೆದ ಗೆರೆ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಲೆಕ್ಕ, ಒಂದು ಕಿಟಕಿಯ ಪಕ್ಕದ ಪ್ರಶ್ನಾರ್ಥಕ ಚಿಹ್ನೆ, ಇವು ಮುದ್ರಿತ ಪುಸ್ತಕದಲ್ಲಿ ಕಳೆದುಹೋಗುತ್ತವೆ. ಇವನ್ನು ನೋಡುವುದಕ್ಕಾಗಿಯೇ ಗ್ಯಾಲರಿಗೆ ಹೋಗಬೇಕು. ಕಸ್ತೂರಬಾ ರಸ್ತೆಗೆ ಹೋದಾಗ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯದ ಹೊರಮೈಯನ್ನೂ ಗಮನಿಸಿ. ನೀರಿನ ಟ್ಯಾಂಕನ್ನು ನೆನಪಿಸುವ, ಅಚ್ಚೊತ್ತಿದ ಆ ಉಕ್ಕಿನ ಫಲಕಗಳ ಹಿಂದೆ ವಾಸ್ತುಶಿಲ್ಪಿಗಳಾದ ಮ್ಯಾಥ್ಯೂ ಮತ್ತು ಘೋಷ್ ಅವರ ಕೈಯಿದೆ. ಸೆಂಟ್ರಲ್ ಜೈಲನ್ನು ಫ್ರೀಡಂ ಪಾರ್ಕ್ ಆಗಿ ರೂಪಿಸಿದವರೂ ಅವರೇ.

ಪ್ರಶ್ನೆ: ಮಂಗಳೂರಿನಿಂದ ಬರೆಯುತ್ತಿದ್ದೇನೆ, ವಯಸ್ಸು ಎಪ್ಪತ್ತೊಂದು. ಗ್ಯಾಲರಿಗಳಲ್ಲಿ ದೀಪವನ್ನು ಇಷ್ಟು ಮಂದವಾಗಿ ಇಡುವುದೇಕೆ? ದುಡ್ಡು ಕೊಟ್ಟು ಹೋದರೂ ಜಲವರ್ಣದ ಚಿತ್ರಗಳು ನನಗೆ ಸರಿಯಾಗಿ ಕಾಣಲಿಲ್ಲ.

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದೇ, ಆದರೆ ಚಿತ್ರದ ಪರವಾಗಿಯೂ ಎರಡು ಮಾತು ಹೇಳಬೇಕು. ಬೆಳಕಿನಿಂದ ಬಣ್ಣಕ್ಕೆ ಆಗುವ ಹಾನಿ ಕೂಡುತ್ತ ಹೋಗುತ್ತದೆ, ಹಿಂದಿರುಗಿ ಬರುವುದಿಲ್ಲ. ಕಾಗದ, ಜಲವರ್ಣ, ಬಟ್ಟೆಗಳಿಗೆ ಸಾಮಾನ್ಯವಾಗಿ ಒಪ್ಪಿಕೊಂಡ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ). ತೈಲಚಿತ್ರಗಳಿಗೆ 200 ಲಕ್ಸ್‌ನವರೆಗೂ ಹೋಗಬಹುದು. ಒಂದು ಮೇಣದಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಬೀಳುವ ಬೆಳಕು ಸುಮಾರು ಒಂದು ಲಕ್ಸ್ ಎಂದುಕೊಂಡರೆ, ಐವತ್ತು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಜಲವರ್ಣಗಳನ್ನು ಕೆಲವೇ ತಿಂಗಳು ತೋರಿಸಿ ಮತ್ತೆ ಕತ್ತಲೆಗೆ ಕಳುಹಿಸುವುದೂ ಇದೇ ಕಾರಣದಿಂದ.

ಕೆ. ವೆಂಕಟಪ್ಪನವರನ್ನು ನೆನೆಯಿರಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ ಕಲಿತು, ಮೈಸೂರಿನಲ್ಲಿ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಈ ಕಲಾವಿದ ಊಟಿ ಮತ್ತು ಕೊಡೈಕನಾಲ್‌ಗಳ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದರು. ಮಂಜು ಕವಿದ ಬೆಟ್ಟದ ಅಂಚಿನಲ್ಲಿ ಬೂದು ಎಲ್ಲಿ ಮುಗಿದು ನೀಲಿ ಎಲ್ಲಿ ಆರಂಭವಾಯಿತೆಂದು ಹೇಳಲಾಗದಂಥ ತೆಳುಪದರಗಳು ಅವು. ಅಂಥ ಪದರ ಮಾಸಿದರೆ ಉಳಿಯುವುದು ಬರಿಯ ಕಾಗದ. ಅವರ ಹೆಸರಿನ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿದೆ.

ನಿಮಗೆ ನನ್ನ ಸಲಹೆ ಇಷ್ಟು. ಬಿಸಿಲಿನಿಂದ ನೇರವಾಗಿ ಒಳಗೆ ಹೋಗಿ ಮೊದಲ ಚಿತ್ರದ ಮುಂದೆ ನಿಲ್ಲಬೇಡಿ. ಒಳಗೆ ಒಂದು ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತಿರಿ, ಮೊಬೈಲಿನ ಪರದೆಯನ್ನು ನೋಡಬೇಡಿ. ಕಣ್ಣು ಹದಕ್ಕೆ ಬರುತ್ತದೆ. ವಯಸ್ಸಾದ ಕಣ್ಣಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಳದಣಕರರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ನೋಡಿದವರಿಗೆ ಮಬ್ಬುಗತ್ತಲೆ ಒಂದು ಚಿತ್ರವನ್ನು ಎಷ್ಟು ಬೆಳಗಿಸಬಲ್ಲದು ಎಂಬುದು ಗೊತ್ತು. ಹಲವರು ರವಿವರ್ಮನದೆಂದು ತಪ್ಪಾಗಿ ತಿಳಿದಿರುವ ಆ ಚಿತ್ರವೂ ಜಲವರ್ಣದ್ದೇ. ಆದರೆ ಚಿತ್ರದ ಪಕ್ಕದ ಶೀರ್ಷಿಕೆಯನ್ನು ಸಾಸಿವೆ ಗಾತ್ರದ ಅಕ್ಷರದಲ್ಲಿ, ಕನ್ನಡವಿಲ್ಲದೆ, ಮೊಣಕಾಲಿನ ಎತ್ತರದಲ್ಲಿ ಅಂಟಿಸುವುದಕ್ಕೆ ಮಾತ್ರ ಯಾವ ವಿಜ್ಞಾನದ ಸಮರ್ಥನೆಯೂ ಇಲ್ಲ. ಎಲ್ಲಿ ಕಂಡರೂ ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಬರೆಯಿರಿ, ನಾನೂ ಬರೆಯುತ್ತೇನೆ.

ಪ್ರಶ್ನೆ: ಲಂಡನ್ನಿನಲ್ಲಿ ನೆಲೆಸಿರುವ ಕನ್ನಡತಿ ನಾನು, ಹವ್ಯಾಸಕ್ಕೆ ಹಳೆಯ ಕಟ್ಟಡಗಳ ರೇಖಾಚಿತ್ರ ಬರೆಯುತ್ತೇನೆ. ನನ್ನಂಥವರ ಕೃತಿಗಳನ್ನು ಸ್ವೀಕರಿಸುವ ದೊಡ್ಡ ಪ್ರದರ್ಶನ ಇಲ್ಲಿ ಇದೆಯೇ?

ಉತ್ತರ: ಇದೆ, ಅದೂ ರಾಯಲ್ ಅಕಾಡೆಮಿಯಲ್ಲೇ. 1768ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1769ರಿಂದ ಒಂದು ವರ್ಷವೂ ತಪ್ಪದೆ ಬೇಸಿಗೆ ಪ್ರದರ್ಶನವನ್ನು ನಡೆಸುತ್ತ ಬಂದಿದೆ. ಕೋವಿಡ್ ಬಂದಾಗಲೂ ರದ್ದು ಮಾಡದೆ ಚಳಿಗಾಲಕ್ಕೆ ಮುಂದೂಡಿ ನಡೆಸಿದರು. ಯಾರು ಬೇಕಾದರೂ ಕೃತಿ ಕಳುಹಿಸಬಹುದು. ಶುಲ್ಕ ಕಟ್ಟಿ ಮೊದಲು ಕೃತಿಯ ಚಿತ್ರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ಆಯ್ಕೆಯ ಮುಂದಿನ ಹಂತಕ್ಕೆ ಬಂದರೆ ಮೂಲ ಕೃತಿಯನ್ನು ತಲುಪಿಸಬೇಕು. ಚಿತ್ರ, ಶಿಲ್ಪ, ಮುದ್ರಣಕಲೆಗಳ ಜೊತೆಗೆ ವಾಸ್ತುಶಿಲ್ಪದ ನಕ್ಷೆ ಮತ್ತು ಮಾದರಿಗಳಿಗೂ ಅಲ್ಲಿ ಜಾಗವಿದೆ. ಹೆಸರಾಂತರ ಪಕ್ಕದಲ್ಲೇ ಹೆಸರಿಲ್ಲದವರ ಕೃತಿ ತೂಗುವುದು ಅದರ ಸೊಗಸು. ಸಲ್ಲಿಕೆಯ ಕಾಲ ಪ್ರದರ್ಶನಕ್ಕಿಂತ ಹಲವು ತಿಂಗಳು ಮೊದಲೇ ಮುಗಿಯುತ್ತದೆ, ಆದ್ದರಿಂದ ಹೊಸ ವರ್ಷ ಹತ್ತಿರವಾಗುತ್ತಿದ್ದಂತೆ ಪ್ರಕಟಣೆಯನ್ನು ನೋಡುತ್ತಿರಿ. ಹಂಪಿಯ ಕಲ್ಲಿನ ರೇಖಾಚಿತ್ರ ನಿಮ್ಮಲ್ಲಿದ್ದರೆ ಅದನ್ನೂ ಕಳುಹಿಸಿ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್, ಬೆಂಗಳೂರಿನ ಬಸವನಗುಡಿಯಲ್ಲಿದ್ದೇನೆ. ನಮ್ಮ ತಂದೆಯವರು ನಕ್ಷೆಗಾರರಾಗಿದ್ದರು. ಅವರು ಬರೆದ ಮನೆಗಳ ನೀಲಿನಕ್ಷೆಗಳು, ಟ್ರೇಸಿಂಗ್ ಬಟ್ಟೆಯ ಸುರುಳಿಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ಇವೆ. ಮಕ್ಕಳು ಎಸೆಯಿರಿ ಎನ್ನುತ್ತಾರೆ. ಯಾವುದಾದರೂ ಗ್ಯಾಲರಿ ಮುಂದೆ ಇವನ್ನು ಪ್ರದರ್ಶಿಸೀತೇ?

ಉತ್ತರ: ದಯವಿಟ್ಟು ಎಸೆಯಬೇಡಿ. ಈ ಸಂಚಿಕೆಯ ಪತ್ರಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ನಿಮ್ಮದು.

ಹಲವು ವರ್ಷಗಳ ಹಿಂದೆ ಒಂದು ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ಕಾಗದಗಳ ನಡುವೆ ನನಗೊಂದು ನೀಲಿನಕ್ಷೆ ಸಿಕ್ಕಿತು. ಬೆಂಗಳೂರಿನವರು ಮಂಕಿ ಟಾಪ್ ಎನ್ನುವ, ಕಿಟಕಿಯ ಮೇಲೆ ಚೂಪಾಗಿ ಇಳಿಯುವ ಮರದ ಪಟ್ಟಿಗಳ ಮುಸುಕಿದ್ದ ಒಂದು ಮನೆ. ಪ್ರತಿ ಪಟ್ಟಿಯನ್ನೂ ಬೇರೆ ಬೇರೆಯಾಗಿ ಎಳೆದಿದ್ದರು. ಹಿತ್ತಲಿನ ಬಾವಿಗೆ ಒಂದು ಪುಟ್ಟ ವೃತ್ತ, ತುಳಸಿಕಟ್ಟೆಗೆ ಒಂದು ಚೌಕ, ದನದ ಕೊಟ್ಟಿಗೆಗೆ ಅಳತೆ. ಕೆಳಗೆ ಬಲಮೂಲೆಯಲ್ಲಿ ನಕ್ಷೆಗಾರರ ಚಿಕ್ಕ ಸಹಿ, ಓದಲಾಗದಷ್ಟು ಮಾಸಿದ್ದು. ಆ ಮನೆ ಎಲ್ಲಿತ್ತು, ಈಗ ಇದೆಯೇ ಎಂಬುದು ಇಂದಿಗೂ ನನಗೆ ಪತ್ತೆಯಾಗಿಲ್ಲ. ಆ ಒಂದು ಹಾಳೆಯಲ್ಲಿ ಒಂದು ಕುಟುಂಬ ಹೇಗೆ ಬದುಕಬೇಕೆಂದು ಬಯಸಿತ್ತು ಎಂಬುದೆಲ್ಲ ಇದೆ.

ಕಟ್ಟಡಗಳು ಹೋಗುತ್ತವೆ. ದೆಹಲಿಯಲ್ಲಿ ರಾಜ್ ರೇವಾಲ್ ಮತ್ತು ಮಹೇಂದ್ರ ರಾಜ್ ಅವರು 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಎಂಬ ಪ್ರದರ್ಶನ ಭವನವನ್ನು 2017ರ ಏಪ್ರಿಲ್‌ನಲ್ಲಿ ಕೆಡವಿದರು. 2022ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸ್ವಾತಂತ್ರ್ಯಾನಂತರದ ದಕ್ಷಿಣ ಏಷ್ಯಾದ ವಾಸ್ತುಶಿಲ್ಪವನ್ನು ಪ್ರದರ್ಶಿಸಿದಾಗ, ಆ ಕಟ್ಟಡದ ಕಥೆಯೂ ಅದರಲ್ಲಿ ಸೇರಿತ್ತು. ಕೆಡವಿದ್ದು ನಮ್ಮ ನೆಲದಲ್ಲಿ, ನೆನೆದದ್ದು ಅಲ್ಲಿ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರವನ್ನು ವಿನ್ಯಾಸ ಮಾಡಿದ ಚಾರ್ಲ್ಸ್ ಕೊರಿಯಾ ತಮ್ಮ ಸಾವಿರಾರು ನಕ್ಷೆಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್‌ಗೆ ಕೊಟ್ಟರು, 2013ರಲ್ಲಿ ಅಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅಲ್ಲಿ ಅವು ಭದ್ರವಾಗಿರುತ್ತವೆ. ಆದರೆ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ 1939ರಲ್ಲಿ ಬಂದ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಅವರಿಂದ ಹಿಡಿದು ನಿಮ್ಮ ತಂದೆಯವರಂಥ ನಕ್ಷೆಗಾರರವರೆಗೆ, ಈ ನಾಡನ್ನು ಗೆರೆಯಲ್ಲಿ ಮೊದಲು ಕಂಡವರ ಹಾಳೆಗಳು ಒಂದೆಡೆ ಸೇರಿ, ಬೆಂಗಳೂರಿನ ಒಂದು ದೊಡ್ಡ ಗ್ಯಾಲರಿಯ ಗೋಡೆಯ ಮೇಲೆ ಮೂರು ತಿಂಗಳಾದರೂ ತೂಗಬೇಕು. ಮುಂದೆ ಬರಬೇಕಾದ ಪ್ರದರ್ಶನ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ.

ಅದು ಬರುವವರೆಗೆ ಹಾಳೆಗಳು ಉಳಿಯಬೇಕು. ನೀಲಿನಕ್ಷೆಯ ನೀಲಿ ಬೆಳಕಿಗೆ ಮಾಸುತ್ತದೆ, ಆದ್ದರಿಂದ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗಬೇಡಿ. ಟ್ರೇಸಿಂಗ್ ಬಟ್ಟೆಗೆ ಗಂಜಿ ಲೇಪಿಸಿರುತ್ತಾರೆ, ನೀರು ತಗುಲಿದರೆ ಅದು ಕೆಡುತ್ತದೆ, ಹುಳುವಿಗೂ ಇಷ್ಟ. ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಸೆಲ್ಲೋಟೇಪು ಬೇಡ, ಲ್ಯಾಮಿನೇಷನ್ ಖಂಡಿತ ಬೇಡ. ಬಿಗಿಯಾದ ಸುರುಳಿಗಳನ್ನು ಬಲವಂತವಾಗಿ ಬಿಡಿಸದೆ, ತಾವಾಗಿ ಬಿಡಿಸಿಕೊಂಡಷ್ಟು ಸಡಿಲವಾಗಿ, ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ ಇಡಿ. ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಹಾಳೆಗೂ ಒಂದು ಸಂಖ್ಯೆ ಕೊಟ್ಟು, ಮನೆ ಯಾವ ಬೀದಿಯದು, ಯಾರಿಗಾಗಿ ಬರೆದದ್ದು, ತಂದೆಯವರು ಅದರ ಬಗ್ಗೆ ಏನು ಹೇಳುತ್ತಿದ್ದರು ಎಂದು ನೆನಪಿದ್ದಷ್ಟನ್ನು ಬರೆದಿಡಿ. ಆ ನೋಟ್‌ಬುಕ್ಕಿನ ಕೆಲಸವನ್ನು ನಿಮ್ಮ ಹೊರತು ಯಾರೂ ಮಾಡಲಾರರು. ಬರೆದು ಮುಗಿದ ಮೇಲೆ ಪಟ್ಟಿಯ ಒಂದು ಪ್ರತಿಯನ್ನು ಈ ಅಂಕಣದ ವಿಳಾಸಕ್ಕೆ ಕಳುಹಿಸಿ. ಅದನ್ನು ಹಿಡಿದುಕೊಂಡು ನಗರದ ಗ್ಯಾಲರಿಗಳ ಬಾಗಿಲು ತಟ್ಟಲು ನಾನು ನಿಮ್ಮ ಜೊತೆಗೆ ಬರುತ್ತೇನೆ.